ಅರ್ಪಣೆಯ ಪುಟದ ದೀಪ

ನಮ್ಮ ಕಡೆ ಪ್ರತಿಯೊಂದು ಸುದ್ದಿಗೂ ಅದನ್ನು ಹೇಳುವ ರೀತಿ ಅಂತ ಒಂದಿದೆ. ಮದುವೆಯ ಸುದ್ದಿಯನ್ನು ಕುಂಕುಮದ ಬಟ್ಟಲು ಹಿಡಿದು ಮನೆಗೇ ಹೋಗಿ ಹೇಳಬೇಕು. ಫೋನಿನಲ್ಲಿ ಹೇಳಿದರೆ ಬರುವ ಮನಸ್ಸಿದ್ದವರೂ ಬರುವುದಿಲ್ಲ. ಸಾವಿನ ಸುದ್ದಿ ತಂದವನು ಹೊಸ್ತಿಲು ದಾಟುವುದಿಲ್ಲ. ಅಂಗಳದಲ್ಲೇ ನಿಂತು ಹೇಳಿ, ಒಂದು ಗುಟುಕು ನೀರನ್ನೂ ಕುಡಿಯದೆ ಹೊರಡುತ್ತಾನೆ. ಎಮ್ಮೆ ಈದಿತು ಅಂತ ಯಾರೂ ಬಾಯಿಬಿಟ್ಟು ಹೇಳುವುದೇ ಇಲ್ಲ, ನೆರೆಮನೆಗೆ ಒಂದು ಬಟ್ಟಲು ಗಿಣ್ಣ ಹೋದರೆ ಸಾಕು. ಆದರೆ ‘ಒಂದು ಪುಸ್ತಕ ಬರೆದಿದ್ದೇನೆ, ಅದನ್ನು ನಿನಗೆ ಅರ್ಪಿಸಿದ್ದೇನೆ’ ಎಂಬ ಸುದ್ದಿಯನ್ನು ಹೇಗೆ ಹೇಳಬೇಕು? ಕುಂಕುಮ ಹಿಡಿದುಕೊಂಡೋ, ಅಂಗಳದಲ್ಲಿ ನಿಂತೋ? ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಯಾರನ್ನು ಕೇಳಿದರೂ ಉತ್ತರ ಸಿಗಲಿಕ್ಕಿಲ್ಲ. ಆ ಪ್ರಸಂಗ ನನಗೆ ಬಂತು. ಅದೂ ಸ್ವಂತ ಹೆಂಡತಿಯ ವಿಷಯದಲ್ಲಿ.

ನಾನು ದನದ ಡಾಕ್ಟರು. ಕಟ್ಟುನಿಟ್ಟಾಗಿ ಹೇಳುವುದಾದರೆ ಡಾಕ್ಟರೂ ಅಲ್ಲ, ಪಶು ಆಸ್ಪತ್ರೆಯ ಇನ್‌ಸ್ಪೆಕ್ಟರು. ಆ ವ್ಯತ್ಯಾಸ ಎಮ್ಮೆಗೆ ಗೊತ್ತಾಗುವುದಿಲ್ಲ, ಎಮ್ಮೆಯ ಮಾಲೀಕನಿಗೆ ಬೇಕಾಗಿಲ್ಲ. ಕೂಡ್ಲಿಗಿಯಲ್ಲಿ ನೌಕರಿಗೆ ಸೇರಿ, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಎಲ್ಲ ಸುತ್ತಿ, ಕೊಟ್ಟೂರಿನಲ್ಲಿ ಮನೆ ಕಟ್ಟಿಕೊಂಡು ನಿವೃತ್ತನಾದೆ. ಈ ಐದೂ ಕಡೆಯ ಕೊಟ್ಟಿಗೆಗಳ ಜಂತಿ ಎಷ್ಟು ಕೆಳಗಿರುತ್ತದೆ ಎನ್ನುವುದು ನನ್ನ ನೆತ್ತಿಗೆ ಚೆನ್ನಾಗಿ ಗೊತ್ತು. ನನ್ನದು ಸಿಡುಕು ಸ್ವಭಾವ. ದನದ ಮೇಲೆ ಯಾವತ್ತೂ ರೇಗಿದವನಲ್ಲ, ದನ ಹಿಡಿದುಕೊಂಡವರ ಮೇಲೆ ರೇಗದೆ ಬಿಟ್ಟವನೂ ಅಲ್ಲ. ನಿವೃತ್ತನಾದ ಮೇಲೆ ರೇಗುವುದಕ್ಕೆ ಯಾರೂ ಸಿಗದೆ ಬರೆಯಲು ಕೂತೆ. ಕೊಟ್ಟಿಗೆಗಳಲ್ಲಿ ಕಂಡದ್ದು, ಕೇಳಿದ್ದು ಒಂದು ಪುಸ್ತಕವಾಯಿತು.

ಅದು ಪುಸ್ತಕವಾದದ್ದು ಬರೆಯುವಾಗ ಅಲ್ಲ, ಬಹಳ ಮೊದಲೇ, ನಮ್ಮ ಅಡುಗೆಮನೆಯಲ್ಲಿ. ಸಂಜೆ ನಾನು ಗಾಡಿ ನಿಲ್ಲಿಸಿ ಕೈಕಾಲು ತೊಳೆದು ಒಲೆಯ ಹತ್ತಿರ ಮಣೆ ಹಾಕಿಕೊಂಡು ಕೂತರೆ, ಹೆಂಡತಿ ರೊಟ್ಟಿ ಬಡಿಯುತ್ತಾ ಆ ದಿನದ ಸುದ್ದಿ ಕೇಳುತ್ತಿದ್ದಳು. ನಾನು ಹೇಳುವ ರೀತಿಯೋ, ದೇವರೇ ಗತಿ. ಕೋಗಳಿಯಲ್ಲಿ ಹಳೇ ಬಸದಿಯ ಹಿಂದಿನ ಓಣಿಯಲ್ಲಿ ಒಂದು ಎಮ್ಮೆ ಮದುವೆಯ ಬೆಳಿಗ್ಗೆ ಮದುಮಗನ ಪೇಟ ತಿಂದುಬಿಟ್ಟಿತ್ತು. ನಾನು ಎಮ್ಮೆಗೆ ಎಣ್ಣೆ ಕುಡಿಸಿ, ಹೊಟ್ಟೆ ಸಡಿಲಾದದ್ದನ್ನು ನೋಡಿ ಬಂದೆ. ‘ಎಮ್ಮಿ ಆರಾಮಾತು’ ಎಂದು ಮುಗಿಸಿದೆ. ಅವಳು ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು.

“ಎಮ್ಮಿ ಆರಾಮಾತು, ಸರಿ. ಮುಂದೇನಾತು? ಪೇಟ ಇಲ್ಲದೆ ಆ ಹುಡುಗ ತಾಳಿ ಹೆಂಗೆ ಕಟ್ಟಿದ?”

ನನಗೆ ಗೊತ್ತಿರಲಿಲ್ಲ. ಮುಂದಿನ ಸಲ ಆ ಕಡೆ ಹೋದಾಗ ಕೇಳಿಕೊಂಡು ಬಂದು ಹೇಳಬೇಕಾಯಿತು. ಮದುಮಗನ ಸೋದರಮಾವ ತನ್ನ ತಲೆಯ ರುಮಾಲನ್ನೇ ಬಿಚ್ಚಿ ಅವನಿಗೆ ಸುತ್ತಿದ್ದನಂತೆ, ಆಮೇಲೆ ಅದನ್ನು ವಾಪಸು ಕೇಳಿ ಬೀಗರ ನಡುವೆ ಜಗಳವಾಗಿತ್ತಂತೆ. ಹೀಗೆ ಮೂವತ್ತು ವರ್ಷಕ್ಕೂ ಮೇಲೆ ನಡೆಯಿತು. ನಾನು ದನದ ಸುದ್ದಿ ತಂದರೆ ಅವಳು ‘ಮುಂದೇನಾತು’ ಎಂದು ಮನುಷ್ಯರ ಸುದ್ದಿ ತರಲು ನನ್ನನ್ನು ವಾಪಸು ಕಳಿಸುತ್ತಿದ್ದಳು. ನನ್ನ ಪುಸ್ತಕದಲ್ಲಿರುವ ದನಗಳೆಲ್ಲ ನನ್ನವು, ಮನುಷ್ಯರೆಲ್ಲ ಅವಳ ಪ್ರಶ್ನೆಯ ಹಿಂದೆ ಬಂದವರು. ಹಾಗಾಗಿ ಅರ್ಪಣೆ ಯಾರಿಗೆ ಎಂದು ನಾನು ಯೋಚಿಸಲೇ ಇಲ್ಲ.

ಯೋಚಿಸಬೇಕಾಗಿ ಬಂದದ್ದು ಅವಳಿಗೆ ಹೇಳುವುದರ ಬಗ್ಗೆ. ಅರ್ಪಣೆ ಎಂದರೆ ಅವಳ ಹೆಸರು ಅಚ್ಚಾಗಬೇಕು. ಆ ಹೆಸರನ್ನು ನಾನು ಒಂದು ದಿನವೂ ಬಾಯಿಬಿಟ್ಟು ಕರೆದಿರಲಿಲ್ಲ. ನಮ್ಮ ಮನೆಯಲ್ಲಿ ಗಂಡಸರು ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ವಾಡಿಕೆಯೇ ಇರಲಿಲ್ಲ. ‘ಏ, ಕೇಳ್ತೇನು’ ಎಂದರೆ ಅವಳು ಬರುತ್ತಿದ್ದಳು. ಅವಳಿಗೆ ನಾನು ‘ಏನ್ರಿ’. ಹೆಂಗಸರಂತೂ ಗಂಡನ ಹೆಸರನ್ನು ಸುಮ್ಮನೆ ಹೇಳುವಂತೆಯೇ ಇಲ್ಲ, ಹೇಳಲೇಬೇಕಾದಾಗ ಒಡಪು ಕಟ್ಟಿ, ಪ್ರಾಸದ ಎರಡು ಸಾಲಿನ ಕೊನೆಗೆ ಆ ಹೆಸರನ್ನು ಸೇರಿಸಿ ಹೇಳಬೇಕು. ಅವಳು ಅದನ್ನೂ ಹೇಳಿರಲಿಲ್ಲ. ಅದಕ್ಕೆ ಕಾರಣ ನನ್ನ ಅಕ್ಕ.

ಅಕ್ಕನನ್ನು ಕೊಟ್ಟದ್ದು ಹಡಗಲಿ ತಾಲ್ಲೂಕಿನ ಇಟ್ಟಿಗಿಗೆ. ಬಾಯಿ ಜೋರು, ಕರುಳು ಮೆತ್ತಗೆ. ನಮ್ಮ ಮದುವೆಯಾಗಿ ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯಿಂದ ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಹೊತ್ತಿನಲ್ಲಿ ಅಕ್ಕ ಪದ್ಧತಿಯಂತೆ ಬಾಗಿಲಿಗೆ ಅಡ್ಡ ನಿಂತು, ‘ನನ್ನ ತಮ್ಮನ ಹೆಸರು ಹೇಳಿ ಒಳಗ ಬಾ’ ಎಂದಳು. ಹೆಂಡತಿ ಒಡಪಿನ ಮೊದಲ ಸಾಲು ಹೇಳಿ ಎರಡನೆಯದನ್ನು ಮರೆತಳು. ಹೆಂಗಸರು ನಕ್ಕರು. ಅಕ್ಕ ಅವಳ ಚಿಗಟೇರಿ ಮಾತಿನ ಧಾಟಿಯನ್ನು ಅಣಕಿಸಿದಳು. ಅವಳ ಕಣ್ಣಲ್ಲಿ ನೀರು ಬಂತು. ‘ಬಿಡವ್ವಾ, ಕೂಸು ದಣದೈತಿ’ ಎಂದು ನನ್ನ ಅವ್ವ ಅಕ್ಕನ ಕೈ ಸರಿಸಿ ಅವಳನ್ನು ಒಳಗೆ ಕರೆದುಕೊಂಡಳು. ಅವತ್ತಿನಿಂದ ಯಾರ ಮದುವೆಯಲ್ಲಿ ಯಾರು ಎಷ್ಟು ಪೀಡಿಸಿದರೂ ಅವಳು ಒಡಪು ಹೇಳಿರಲಿಲ್ಲ. ಅಕ್ಕನೂ ಬಿಟ್ಟಿರಲಿಲ್ಲ, ಬಂದಾಗಲೆಲ್ಲ ‘ನನ್ನ ಒಡಪು ಬಾಕಿ ಐತಿ’ ಎಂದು ಛೇಡಿಸುತ್ತಿದ್ದಳು. ಅಂದರೆ ಹೆಂಡತಿಯ ಬಾಯಿಂದ ನನ್ನ ಹೆಸರನ್ನು ನಾನೂ ಕೇಳಿರಲಿಲ್ಲ. ಕೇಳಬೇಕೆಂಬ ಆಸೆ ಇತ್ತು. ಅದನ್ನು ಹೇಳಿಕೊಳ್ಳುವ ಬಾಯಿ ಇರಲಿಲ್ಲ.

ಇಟ್ಟಿಗಿಯಲ್ಲೇ ಅಕ್ಕನ ಓಣಿಯಲ್ಲಿ ನನ್ನ ಗೆಳೆಯನೊಬ್ಬನಿದ್ದಾನೆ, ನಿವೃತ್ತ ಕನ್ನಡ ಮೇಷ್ಟ್ರು, ಪುಸ್ತಕ ಬಿಡುಗಡೆಗಳಲ್ಲಿ ಭಾಷಣ ಮಾಡಿ ಪಳಗಿದವನು. ಅವನನ್ನು ಕೇಳಿದೆ. ಅರ್ಪಣೆ ಮಾಡುವ ಮೊದಲು ಆ ಮನುಷ್ಯರನ್ನು ಕೇಳಬೇಕೋ, ಮಾಡಿ ಹೇಳಬೇಕೋ?

“ಕೇಳಲೂಬಾರ್ದು, ಹೇಳಲೂಬಾರ್ದು” ಎಂದ. “ಕೇಳಿದ್ರ ಬ್ಯಾಡ ಅಂತಾರ. ಹೇಳಿದ್ರ ನಾವು ದೊಡ್ಡಸ್ತಿಕಿ ಮಾಡಿದಂಗ ಆಕ್ಕೈತಿ. ಪುಸ್ತಕ ಕೈಯಾಗಿಟ್ಟು ನೀನು ಸಂತಿಗೆ ಹೋಗಿಬಿಡು. ವಾಪಸ್ ಬರೋದ್ರಾಗ ಎಲ್ಲಾ ತಾನ ಸರಿ ಇರ್ತೈತಿ.”

ಈ ಉಪಾಯ ನನಗೆ ಬಹಳ ಹಿಡಿಸಿತು. ಬಾಯಿ ತೆರೆಯುವ ಕೆಲಸವೇ ಇಲ್ಲ.

ಪುಸ್ತಕ ಅಚ್ಚಿಗೆ ಕೊಟ್ಟದ್ದು ಹಗರಿಬೊಮ್ಮನಹಳ್ಳಿಯ ಒಂದು ಪ್ರೆಸ್ಸಿಗೆ. ಮದುವೆ ಪತ್ರಿಕೆ, ಫ್ಲೆಕ್ಸು, ಯಾರಾದರೂ ತೀರಿಕೊಂಡರೆ ಶಿವಗಣಾರಾಧನೆಯ ಕಾರ್ಡು, ಎಲ್ಲ ಮಾಡುವ ಅಂಗಡಿ. ಯಜಮಾನ ಸಂಭಾವಿತ ಮನುಷ್ಯ, ಗಿರಾಕಿಯ ಕಷ್ಟಸುಖ ಕೇಳದೆ ಕಂಪ್ಯೂಟರ್ ಮುಟ್ಟುವವನಲ್ಲ. ಅರ್ಪಣೆಯ ಚೀಟಿಯನ್ನು ಎಲ್ಲಕ್ಕಿಂತ ಕೊನೆಗೆ, ಮಡಿಸಿ ಅವನ ಮುಂದಿಟ್ಟೆ. ‘ಮುಂದೇನಾತು ಎಂಬ ಪ್ರಶ್ನೆಗೆ’ ಎಂದು ಒಂದು ಸಾಲು, ಅದರ ಕೆಳಗೆ ಅವಳ ಹೆಸರು. ಅಷ್ಟೇ. ಅವನು ಬಿಡಿಸಿ ಓದಿದ.

“ಇವರು ಅಮ್ಮಾರಾ ಸರ್? ನಿಮ್ಮ ಮನಿಯೋರು?”

“ಹೂಂ” ಎಂದೆ. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಹೆಂಡತಿಗೆ ಪುಸ್ತಕ ಅರ್ಪಿಸುವ ಮುದುಕನನ್ನು ಅವರು ಏನೆಂದುಕೊಳ್ಳುತ್ತಾರೋ ಎಂದು ನೆಲ ನೋಡುತ್ತಾ ನಿಂತೆ.

“ಭಾಳ ವರ್ಷ ಆಗಿತ್ತೇನ್ರಿ, ಮದುವಿಯಾಗಿ?”

“ಅದರ ಬಗ್ಗಿ ನನಗ ಮಾತಾಡಾಕ ಆಗಂಗಿಲ್ಲಪಾ” ಎಂದೆ. “ನೀನೂ ಯಾರ ಮುಂದೂ ಆಡಬ್ಯಾಡ.”

ಅವನು ಕನ್ನಡಕ ತೆಗೆದು ಒರೆಸಿಕೊಂಡ. ಎದ್ದು ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟು, ‘ಆಗ್ಲಿ ಬಿಡ್ರಿ ಸರ್’ ಎಂದ. ಎಷ್ಟು ಸೂಕ್ಷ್ಮ ಮನುಷ್ಯ, ನನ್ನ ಸಂಕೋಚ ಅರ್ಥ ಮಾಡಿಕೊಂಡನಲ್ಲ ಎಂದು ಸಂತೋಷವಾಯಿತು. ಮುಂದೆ ಮೊಬೈಲಿಗೆ ಕರಡು ಕಳಿಸಿದ. ಪ್ರತಿ ಪುಟ ನೋಡಿದೆ, ಅಕ್ಷರ ತಪ್ಪಿರಲಿಲ್ಲ, ಅರ್ಪಣೆಯ ಪುಟವೂ ಸರಿಯಾಗಿತ್ತು. ಅಚ್ಚು ಹಾಕಿ ಎಂದೆ.

ಪುಸ್ತಕ ತರಲು ಹೋದ ದಿನ ಅವನು ಗಂಟನ್ನು ನನಗೆ ಎತ್ತಲು ಬಿಡಲಿಲ್ಲ, ತಾನೇ ಬಸ್‌ಸ್ಟ್ಯಾಂಡಿನವರೆಗೆ ಹೊತ್ತು ತಂದ. ದಾರಿಯಲ್ಲಿ ಮೆಲ್ಲಗೆ, ‘ಊಟಕ್ಕೆಲ್ಲಾ ಹೆಂಗ್ರಿ ಸರ್ ಮನ್ಯಾಗ?’ ಎಂದು ಕೇಳಿದ. ‘ಚೊಲೋ ನಡದೈತಿ’ ಎಂದೆ. ‘ಗಟ್ಟಿ ಅದೀರಿ ಬಿಡ್ರಿ’ ಎಂದು ತಲೆದೂಗಿದ. ಊಟ ಚೆನ್ನಾಗಿರುವುದಕ್ಕೂ ಗಟ್ಟಿಯಾಗಿರುವುದಕ್ಕೂ ಸಂಬಂಧವಿದೆಯಲ್ಲ, ಅದಕ್ಕೇ ಅಂದಿರಬೇಕು ಎಂದುಕೊಂಡು ಕೊಟ್ಟೂರಿನ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕೂತು ಗಂಟಿನಿಂದ ಒಂದು ಪ್ರತಿ ಎಳೆದು ತೆರೆದೆ.

ಅರ್ಪಣೆಯ ಪುಟದಲ್ಲಿ ಒಂದು ದೀಪ ಉರಿಯುತ್ತಿತ್ತು. ಶಿವಗಣಾರಾಧನೆಯ ಕಾರ್ಡಿನ ಮೇಲಿರುತ್ತದಲ್ಲ, ಅದೇ ದೀಪ. ಸುತ್ತ ಹೂಮಾಲೆಯ ಅಂಚು. ಅದರ ನಡುವೆ, ದೀಪದ ಬೆಳಕು ಬೀಳುವ ಹಾಗೆ, ನನ್ನ ಹೆಂಡತಿಯ ಹೆಸರು.

ಒಂದು ಕ್ಷಣ ಆ ದೀಪವನ್ನು ನಾನೂ ನಂಬಿಬಿಟ್ಟೆ. ಬೆಳಿಗ್ಗೆ ಅವಳೇ ಬಾಗಿಲಲ್ಲಿ ನಿಂತು ‘ಛತ್ರಿ ಮರೀಬ್ಯಾಡ್ರಿ’ ಎಂದು ಕಳಿಸಿದ್ದಳು ಎಂಬುದನ್ನು ನೆನಪು ಮಾಡಿಕೊಂಡು ಉಸಿರು ಬಿಟ್ಟೆ. ಆಮೇಲೆ ಸಿಟ್ಟು ಬಂತು. ಎಲ್ಲಿ ಬಂತೋ ಅಲ್ಲೇ ಬಸ್ಸು ನಿಲ್ಲಿಸಿ ಇಳಿದು, ಎದುರಿಗೆ ಬಂದ ಟಂಟಂ ಗಾಡಿ ಹತ್ತಿ ವಾಪಸು ಹೋಗಿ ಆ ಪುಟವನ್ನು ಅವನ ಮೂಗಿಗೆ ಹಿಡಿದೆ.

“ಏನಿದು?”

“ಕರಡು ಕಳಿಸಿದ ಮ್ಯಾಲೆ ನೋಡಿದ್ರ ಪುಟ ಖಾಲಿ ಖಾಲಿ ಕಾಣ್ತಿತ್ತು ಸರ್. ನಮ್ಮ ಕಡಿಂದ ಇರ್ಲಿ ಅಂತ ಒಂದು ದೀಪ ಇಟ್ಟೆ.”

“ನನ್ನ ಹೆಂಡ್ತಿ ಮನ್ಯಾಗ ಶೇಂಗಾ ಹುರಿಯಾಕ ಹತ್ಯಾಳಲೇ!”

ಅವನು ನಾಲಿಗೆ ಕಚ್ಚಿಕೊಂಡ. ಎರಡೂ ಕೆನ್ನೆಗೆ ಹೊಡೆದುಕೊಂಡ. ಅದರ ನಡುವೆಯೇ, ತಪ್ಪು ಪೂರ್ತಿ ತನ್ನದಲ್ಲ ಎಂಬ ಧಾಟಿಯಲ್ಲಿ ಹೇಳಿದ: “ಮಾತಾಡಾಕ ಆಗಂಗಿಲ್ಲ ಅಂತ ನೀವ ನೆಲ ನೋಡಿಕೋತ ಹೇಳಿದ್ರಲ್ಲ ಸರ್. ಇದ್ದ ಹೆಂಡ್ತಿಗೆ ಯಾರ್ರೀ ಪುಸ್ತಕ ಅರ್ಪಣಾ ಮಾಡ್ತಾರ? ನಮ್ಮ ಪ್ರೆಸ್ಸಿನ್ಯಾಗ ಅಂಥಾದ್ದು ಇಲ್ಲೀತನಕ ಬಂದಿಲ್ಲ.”

ನನ್ನ ಸಿಟ್ಟಿಗೆ ನಿಲ್ಲಲು ಜಾಗವೇ ಉಳಿಯಲಿಲ್ಲ. ಅವನು ಆ ಹಾಳೆಯನ್ನು ಬೇರೆ ಮುದ್ರಿಸಿ, ಎಲ್ಲ ಪ್ರತಿಗಳನ್ನೂ ಬಿಚ್ಚಿ ಹೊಲಿದು ಕೊಡುವುದಾಗಿ ಕೈಮುಗಿದ. ಸರಿ, ಯಾರ ಕಣ್ಣಿಗೂ ಬೀಳುವ ಮೊದಲೇ ಗೊತ್ತಾಯಿತಲ್ಲ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಅವನು ಇನ್ನೊಂದು ಮಾತು ಹೇಳಿದ. ನಿನ್ನೆ ಇಟ್ಟಿಗಿಯ ಮೇಷ್ಟ್ರು ಬಂದು, ಭಾಷಣಕ್ಕೆ ತಯಾರಾಗಬೇಕೆಂದು ಒಂದಷ್ಟು ಪ್ರತಿ ತೆಗೆದುಕೊಂಡು ಹೋಗಿದ್ದರಂತೆ. ನನ್ನ ಫೋನು ಬಡಿದುಕೊಂಡದ್ದು ಆಗಲೇ. ಅಕ್ಕ.

“ಲೇ ತಮ್ಮಾ, ಬುದ್ಧಿ ನೆಟ್ಟಗೈತೇನು ನಿನಗ? ನಿನ್ನಿ ಆಕಿ ನನ್ನ ಕೂಡ ಹುಣಸಿಹಣ್ಣಿನ ಸುದ್ದಿ ಮಾತಾಡ್ಯಾಳ. ಇವತ್ತು ಮೇಷ್ಟ್ರು ಪುಸ್ತಕ ತಂದು ತೋರಿಸಿದ್ರ, ನೀನು ಆಕಿ ಹೆಸರಿನ ಮುಂದ ದೀಪ ಹಚ್ಚಿ ಕುಂತಿ!”

ನಡೆದದ್ದು ಹೇಳಿದೆ. ಅವಳು ಪೂರ್ತಿ ಕೇಳಲಿಲ್ಲ.

“ನಾಳಿ ಮುಂಜಾನಿ ಮೊದಲ್ನೇ ಬಸ್ಸಿಗೆ ಬರ್ತೀನಿ. ಅಷ್ಟರೊಳಗ ನೀನಾಗಿ ಆಕಿಗೆ ಹೇಳಿದ್ಯೋ, ಸರಿ. ಇಲ್ಲಾಂದ್ರ ನಾನು ಹೇಳ್ತೀನಿ. ನಾನು ಹೇಳಿದ್ರ ಹೆಂಗಿರ್ತೈತಿ ಅಂತ ನಿನಗ ಗೊತ್ತೈತಿ.”

ಗೊತ್ತಿತ್ತು. ಹೊಸ್ತಿಲಲ್ಲಿ ಅಳಿಸಿದ ಆ ಹಳೆಯ ದಿನವೂ ಗೊತ್ತಿತ್ತು. ಒಂದು ಇಡೀ ಪುಸ್ತಕ ಅವಳದು ಎಂಬ ಮಾತನ್ನು ಅವಳು ಮೊದಲು ಕೇಳಬೇಕಾದದ್ದು ನನ್ನ ಬಾಯಿಂದ. ಅದು ‘ನಿನ್ನ ಗಂಡ ನಿನಗೆ ದೀಪ ಹಚ್ಚಿದ’ ಎಂದು ಅಕ್ಕನ ಬಾಯಿಂದ ಬಂದರೆ ಅವಳು ನಗುತ್ತಾಳೋ, ಮತ್ತೆ ಅಳುತ್ತಾಳೋ? ಮೇಷ್ಟ್ರ ಉಪಾಯ ಇನ್ನು ನಡೆಯುವಂತಿರಲಿಲ್ಲ. ಇಂಥ ಪುಸ್ತಕವನ್ನು ಕೈಗಿಟ್ಟು ಸಂತೆಗೆ ಹೋದರೆ ಸಂತೆಯಿಂದ ಬರುವ ಅಗತ್ಯವೇ ಇರುವುದಿಲ್ಲ. ಗಂಟನ್ನು ಪ್ರೆಸ್ಸಿನಲ್ಲೇ ಬಿಟ್ಟು, ಒಂದು ಪ್ರತಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಬಸ್ಸಿನಲ್ಲಿ ವಾಕ್ಯ ಜೋಡಿಸುತ್ತಲೇ ಇದ್ದೆ. ಯಾವ ವಾಕ್ಯದಲ್ಲೂ ದೀಪವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಮನೆ ಮುಟ್ಟಿದಾಗ ಅವಳು ಬಾಗಿಲಿಗೇ ಬಂದಳು. ಧೈರ್ಯ ಆರುವುದರೊಳಗೆ ಮುಗಿಸಿಬಿಡೋಣ ಎಂದು ಅಂಗಳದಲ್ಲೇ ನಿಂತು ಚೀಲದಿಂದ ಪುಸ್ತಕ ತೆಗೆದು ಅವಳ ಕಡೆ ಚಾಚಿದೆ. ಅವಳು ಕೈಯನ್ನು ಹಿಂದಕ್ಕೆಳೆದುಕೊಂಡಳು.

“ಹೊಸ್ತಿಲ ಮ್ಯಾಲಿಂದ ಏನಾದ್ರೂ ಕೊಡ್ತಾರೇನ್ರಿ? ಒಳಗೆ ಬರ್ರಿ ಮೊದ್ಲು. ಕೈಕಾಲು ತೊಳೀರಿ.”

ಧೈರ್ಯ ಆರಿತು. ಪುಸ್ತಕ ಚೀಲಕ್ಕೆ ವಾಪಸು ಹೋಯಿತು. ಅವಳಾಗಿ ಕೇಳುತ್ತಾಳೇನೋ ಎಂದು ಕಾದೆ. ಅಚ್ಚಾದ ಪುಸ್ತಕ ತರಲು ಹೋಗಿದ್ದೇನೆಂದು ಅವಳಿಗೆ ಗೊತ್ತಿತ್ತು, ಆದರೂ ಕೇಳಲಿಲ್ಲ. ಹಿಟ್ಟು ನಾದಿ, ಒಲೆ ಹಚ್ಚಿ, ರೊಟ್ಟಿಗೆ ಕೂತಳು. ನಾನು ಎಂದಿನಂತೆ ಮಣೆ ಎಳೆದುಕೊಂಡೆ. ಮೊದಲ ರೊಟ್ಟಿ ತವೆಗೆ ಹಾಕಿ ಅವಳು, ‘ಏನಿತ್ರಿ ಇವತ್ತಿನ ಸುದ್ದಿ?’ ಎಂದಳು.

ಆ ಮಾತು ಕಿವಿಗೆ ಬಿದ್ದದ್ದೇ ನನ್ನ ನಾಲಿಗೆ ಸಡಿಲಾಯಿತು. ಈ ಜಾಗದಲ್ಲಿ, ಈ ಮಣೆಯ ಮೇಲೆ ಕೂತು ನಾನು ಎಂಥೆಂಥ ಸುದ್ದಿ ಹೇಳಿಲ್ಲ!

“ಹಗರಿಬೊಮ್ಮನಹಳ್ಳಿಯಾಗ ಒಬ್ಬ ಮನಿಷ್ಯಾ ಸಿಕ್ಕಿದ್ದ” ಎಂದೆ. “ಒಂದು ಪುಸ್ತಕ ಬರದಾನ. ಹೆಂಡ್ತಿಗೆ ಅರ್ಪಣಾ ಮಾಡ್ಯಾನ. ಹೆಂಡ್ತಿಗೆ ಹೇಳಾಕ ನಾಚಿಕಿ, ಪ್ರೆಸ್ಸಿನವನಿಗೆ ಹೇಳಾಕೂ ನಾಚಿಕಿ. ತಲಿ ತಗ್ಗಿಸಿ ನಿಂತಿದ್ದು ನೋಡಿ ಪ್ರೆಸ್ಸಿನವ ಏನು ತಿಳಕೊಂಡ ಅಂದಿ? ಹೆಂಡ್ತಿ ತೀರಿಕೊಂಡಾಳ ಅಂತ! ಆಕಿ ಹೆಸರಿನ ಮ್ಯಾಲೆ ದೀಪ ಇಟ್ಟು ಅಚ್ಚು ಹಾಕಿಬಿಟ್ಟ.”

ಅವಳು ಬಿದ್ದು ಬಿದ್ದು ನಕ್ಕಳು. ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡು ಹಣೆಗೆಲ್ಲ ಬಿಳಿ ಮಾಡಿಕೊಂಡಳು.

“ಅಯ್ಯೋ ಪಾಪ! ಮುಂದೇನಾತು? ಆ ಹೆಣ್ಮಗಳು ಏನಂದ್ಳು?”

“ಇನ್ನೂ ಏನೂ ಅಂದಿಲ್ಲ. ಈಗ ಗೊತ್ತಾಗಾಕ ಹತ್ತೈತಿ ಆಕಿಗೆ.”

ಅವಳ ನಗು ನಿಂತಿತು. ತವೆಯ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು. ಅವಳು ಅದನ್ನು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಆಮೇಲೆ ಅವಳು ಒಲೆ ಆರಿಸಿ, ಎದ್ದು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಎರಡೂ ಕೈ ಚಾಚಿದಳು. ಪುಸ್ತಕ ಕೊಟ್ಟೆ. ಅರ್ಪಣೆಯ ಪುಟ ತೆರೆದು ಬಹಳ ಹೊತ್ತು ನೋಡಿದಳು. ದೀಪವನ್ನು ನೋಡಿದಳೋ ಇಲ್ಲವೋ, ಬೆರಳು ಮಾತ್ರ ಹೆಸರಿನ ಮೇಲೆ ಒಂದೊಂದೇ ಅಕ್ಷರ ಹಿಡಿದು ಹೋಯಿತು.

“ಹೆಸರು ಬರೆಯಾಕೆ ಬಂತು ನಿಮಗೆ” ಎಂದಳು. “ಕರೆಯಾಕೆ ಬರಂಗಿಲ್ಲೇನು?”

“ಬರ್ತೈತಿ.”

“ಕರೀರಿ ನೋಡೋಣ.”

ಬಾಯಿ ತೆರೆದೆ. ‘ಏ, ಕೇಳ್ತೇನು’ ಎಂಬುದೇ ನಾಲಿಗೆಗೆ ಬಂತು. ನನ್ನ ಮೇಲೆ ನನಗೇ ರೇಗಿತು. ಅವಳು ಸ್ವಲ್ಪ ಕಾದು, ‘ಇರ್ಲಿ ಬಿಡ್ರಿ, ಉಣ್ರಿ’ ಎಂದು ಒಲೆ ಹಚ್ಚಿದಳು. ಊಟವಾದ ಮೇಲೆ ಪುಸ್ತಕವನ್ನು ದೇವರ ಜಗಲಿಯ ಮೇಲಿಟ್ಟಳು. ಅವಳಿಗೆ ಸಂತೋಷವಾಯಿತೋ, ಆ ದೀಪ ಮನಸ್ಸಿಗೆ ಚುಚ್ಚಿತೋ ಎಂದು ನನಗೆ ತಿಳಿಯಲಿಲ್ಲ.

ಬೆಳಿಗ್ಗೆ ಅಕ್ಕ ಬಂದಳು. ಬುಟ್ಟಿಯಲ್ಲಿ ಹಡಗಲಿ ಮಲ್ಲಿಗೆ, ತೆಂಗಿನಕಾಯಿ, ಒಂದು ಮುಷ್ಟಿ ಒಣಮೆಣಸಿನಕಾಯಿ. ಬಂದವಳೇ ನನ್ನನ್ನು ಕಣ್ಣಲ್ಲೇ ಬೈದು, ಹೆಂಡತಿಯನ್ನು ಅಂಗಳಕ್ಕೆ ಕರೆದು ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿದಳು. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮನೆ ತುಂಬ ಘಾಟು, ನಾವೆಲ್ಲ ಕೆಮ್ಮಿದೆವು. ಆಮೇಲೆ ಅಕ್ಕ ಅವಳ ತಲೆಗೆ ಮಲ್ಲಿಗೆ ಮುಡಿಸಿ, ತಾನು ಸರ್ರನೆ ಒಳಗೆ ಹೋಗಿ, ಬಾಗಿಲಿನ ಎರಡೂ ಕಡೆ ಕೈಕೊಟ್ಟು ಅಡ್ಡ ನಿಂತುಬಿಟ್ಟಳು.

“ಸತ್ತ ಸುದ್ದಿ ಸುಳ್ಳಾದಾಕಿಗೆ ಆಯುಷ್ಯ ಗಟ್ಟಿ. ಈಗ ಹೊಸದಾಗಿ ಮನಿ ತುಂಬಿಸ್ಕೋಬೇಕು. ಹೇಳು ಒಡಪು. ನನ್ನ ಬಾಕಿ ಹಂಗ ಐತಿ.”

‘ಅಕ್ಕಾ, ಸಾಕು, ಬಾಗಿಲು ಬಿಡು’ ಎಂದು ಗದರಿದೆ. ಪಕ್ಕದ ಮನೆಯವರು ಕಟ್ಟೆಗೆ ಬಂದು ನಿಂತಿದ್ದರು. ಅವಳು ತಲೆ ತ‌ಗ್ಗಿಸಿ ನಿಂತಿದ್ದಳು, ಅವತ್ತಿನ ಹಾಗೆಯೇ. ಸೆರಗು ಸರಿಮಾಡಿಕೊಂಡಳು. ತಲೆ ಎತ್ತಿ, ಅಕ್ಕನ ಮುಖವನ್ನೇ ನೋಡುತ್ತಾ, ಒಂದೂ ಸಾಲು ತಪ್ಪದೆ ಹೇಳಿದಳು:

“ಹೊಸ್ತಿಲದಾಗ ನಾ ಹಚ್ಚಿದ ದೀಪ, ಅವರು ಮನಿಗೆ ಬರ್ಲಿ ಅಂತ,
ಪುಸ್ತಕದಾಗ ಅವರು ಹಚ್ಚಿದ ದೀಪ, ಮನಸಿನ್ಯಾಗ ಇರ್ಲಿ ಅಂತ,
ಊರ ದನಕರ ಕಾದವರು, ನನ್ನ ಹೆಸರ ಬರದವರು—”

ಅದಾದ ಮೇಲೆ ಬಂದದ್ದು ನನ್ನ ಹೆಸರು. ಅದನ್ನು ಇಲ್ಲಿ ಬರೆಯುವುದಿಲ್ಲ. ಈ ಮಾತನ್ನು ಅವಳು ಯಾವಾಗ ಕಟ್ಟಿದಳೋ, ರೊಟ್ಟಿ ಬಡಿಯುವಾಗಲೋ, ದೀಪ ಹಚ್ಚುವಾಗಲೋ. ಪುಸ್ತಕದ ದೀಪ ಹಚ್ಚಿದವನು ನಾನಲ್ಲ, ಪ್ರೆಸ್ಸಿನವನು. ಆದರೆ ಒಡಪಿಗೆ ತಿದ್ದುಪಡಿ ಹೇಳುವಷ್ಟು ಮೂರ್ಖ ನಾನಲ್ಲ. ಅಕ್ಕ ಕೈ ಇಳಿಸಿದಳು. ಅವಳನ್ನು ಎದೆಗೆ ಒತ್ತಿಕೊಂಡು ಗೊಳೋ ಎಂದು ಅತ್ತವಳು ಅಕ್ಕನೇ. ಹೊಸ್ತಿಲು ದಾಟುವ ಮುಂಚೆ ಹೆಂಡತಿ ನನ್ನ ಕಡೆ ತಿರುಗಿ, ‘ನಂದು ಮುಗೀತು. ನಿಮ್ಮದು ಬಾಕಿ’ ಎಂದಳು.

ಪುಟ ಬದಲಿಸಲು ಅವಳು ಬಿಡಲಿಲ್ಲ. ಪ್ರೆಸ್ಸಿನವನು ಹೊಸ ಹಾಳೆ ಹಿಡಿದುಕೊಂಡು ಮನೆಗೇ ಬಂದಿದ್ದ. ಅವಳು ಎದುರಿಗೆ ಬಂದು ನಿಂತದ್ದು ನೋಡಿ ಕಾಲಿಗೆ ಬೀಳಲು ಹೋದ. ‘ಇರ್ಲಿ ಬಿಡ್ರಿ, ದೀಪ ಚಂದ ಬಂದೈತಿ’ ಎಂದು ಅವಳೇ ಸಮಾಧಾನ ಮಾಡಿ ಕಳಿಸಿದಳು. ಪುಸ್ತಕ ದೀಪದ ಸಮೇತವೇ ಊರೂರಿಗೆ ಹೋಯಿತು. ಅದರ ಫಲ ಇಲ್ಲದೆ ಇರುತ್ತದೆಯೇ?

ಬಿಡುಗಡೆಯಾಗಿ ಸ್ವಲ್ಪ ದಿನಕ್ಕೆ ಕೂಡ್ಲಿಗಿ ಕಡೆಯ ಒಬ್ಬ ಮುದುಕ ಬಂದ. ನನ್ನ ಮೊದಲ ಪೋಸ್ಟಿಂಗಿನ ಕಾಲದಿಂದ ಗೊತ್ತಿರುವ ಕುರಿಗಾರ. ಮೊಮ್ಮಗಳು ಪುಸ್ತಕ ಓದಿ ಹೇಳಿದ್ದಳಂತೆ. ಅಂಗಳದಲ್ಲೇ ಕಂಬಳಿ ಹೆಗಲಿಗೆ ಹಾಕಿಕೊಂಡು ನಿಂತ, ಒಳಗೆ ಬರಲೊಲ್ಲ. ಹೆಂಡತಿ ನೀರು ತಂದರೆ ಕುಡಿಯಲೊಲ್ಲ. ಅವಳು ಚಾ ಇಡಲು ಒಳಗೆ ಹೋದ ಮೇಲೆ ನನ್ನ ಕಿವಿಯ ಹತ್ತಿರ ಬಂದ.

“ತಿಳಿದು ಭಾಳ ಸಂಕಟಾತು ಡಾಕ್ಟ್ರೇ. ಅಮ್ಮಾರ ಕೈಯಾಗ ಎಷ್ಟು ಸಲ ರೊಟ್ಟಿ ಉಂಡೀನಿ.” ಬಾಗಿಲ ಕಡೆ ನೋಡಿ ದನಿ ಇನ್ನೂ ತಗ್ಗಿಸಿದ. ವಯಸ್ಸಿಗೆ ಅವನ ಕಣ್ಣು ಮಂಜಾಗಿತ್ತು. “ಇವರು... ಎರಡನೇದವರೇನು? ಹೋಗ್ಲಿ ಬಿಡ್ರಿ. ಈ ವಯಸ್ಸಿನ್ಯಾಗ ಒಂದು ಆಸರ ಬೇಕಾಕ್ಕೈತಿ.”

“ಲೇ, ಅಕಿನ ಲೇ ಇಕಿ!” ಎಂದೆ. ಅವನು ನಂಬಲಿಲ್ಲ. ದುಃಖದಲ್ಲಿ ಮನುಷ್ಯ ಹೀಗೆಲ್ಲ ಮಾತಾಡುತ್ತಾನೆ ಎಂಬಂತೆ ನನ್ನ ಕೈ ಹಿಡಿದುಕೊಂಡು ಸವರಿದ. ಅಚ್ಚಿನಲ್ಲಿ ಬಂದದ್ದು ಸುಳ್ಳಾಗುತ್ತದೆಯೇ? ಅವನಿಗೆ ತೋರಿಸಿಕೊಡಲು ಒಂದೇ ದಾರಿ ಇತ್ತು. ನಾನು ಅಂಗಳದಲ್ಲಿ ನಿಂತು, ಅಡುಗೆಮನೆಯ ಕಡೆ ಮುಖ ಮಾಡಿ, ಪುಸ್ತಕದಲ್ಲಿ ಅಚ್ಚಾದ ಆ ಹೆಸರನ್ನು ಗಟ್ಟಿಯಾಗಿ ಕರೆದೆ.

ಒಳಗೆ ಲೋಟದ ಸದ್ದು ನಿಂತಿತು. ಆಮೇಲೆ ‘ಓ’ ಎಂದಳು. ಮುದುಕ ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿ ಒಳಗೆ ಹೋಗಿ ಕೂತ, ಚಾ ಬೇಕೆಂದ.

“ಏನಂದ್ರಿ?” ಅವಳ ದನಿ ಮತ್ತೆ ಬಂತು. “ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಮ್ಮೆ ಕರೀರಿ.”

ಕೇಳಿಸಿತ್ತು. ಪಕ್ಕದ ಮನೆಯವರಿಗೂ ಕೇಳಿಸಿತ್ತು. ಆದರೂ ಇನ್ನೊಮ್ಮೆ ಕರೆದೆ.